ದುಂಡಪ್ಪನ ಕ್ಯೂಬಾ ರೆಕಾರ್ಡು

೧೨ ಅಕ್ಟೋಬರ್ ೧೯೫೮, ರವಿವಾರ. ಗೋಕಾಕ.

ನನ್ನ ಅಕ್ಕ ಸಾತವ್ವನ ಬೀಸುವ ಪದ ಇಂದು ಮುಂಜಾನೆ ಚಹಾದಂಗಡಿಯ ಗ್ರಾಮೋಫೋನಿನಲ್ಲಿ ಕೇಳಿಸಿತು. ರೆಕಾರ್ಡಿನ ಮೇಲೆ ಹೆಸರು ಮಾತ್ರ ಕ್ಲಾರಿನೆಟ್ ದುಂಡಪ್ಪನದು. ನಾಟಕ ಕಂಪನಿಗಳ ಜೊತೆ ಊರೂರು ತಿರುಗಿದವನು, ಮುಂಬಯಿಗೆ ಹೋಗಿ ತನ್ನೊಬ್ಬನದೇ ಮೊದಲ ರೆಕಾರ್ಡು ಮಾಡಿಸಿ ತಂದಿದ್ದಾನೆ. ಜೊತೆಗೆ ರುಂಬಾ ಎಂಬ ಕ್ಯೂಬಾ ದೇಶದ ಕುಣಿತದ ತಾಳ ಹಾಕಿಸಿದ್ದಾನೆ. ಕೇಳಲು ಚೆನ್ನಾಗಿಯೇ ಇದೆ, ಅದಕ್ಕೇ ಸಿಟ್ಟು.

“ಈ ಧಾಟಿ ಎಲ್ಲಿದೋ?” ಎಂದು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ ದುಂಡಪ್ಪನನ್ನು ಕೇಳಿದೆ.

“ಎಲ್ಲಾ ಕ್ಯೂಬಾದ್ದರಿ ಮಾಸ್ತರ. ನಿಮ್ಮ ಪುಸ್ತಕದಾಗ ಆ ದೇಶ ಇಲ್ಲೇನ್ರಿ?”

ಅಂಗಡಿಯೆಲ್ಲ ನಕ್ಕಿತು.

ಆದರೆ ಎರಡೆರಡು ಸಾಲಿಗೊಮ್ಮೆ ಕ್ಲಾರಿನೆಟ್ ಒಂದು ಕ್ಷಣ ಸುಮ್ಮನಾಗುತ್ತದೆ. ಸರಿಯಾಗಿ ಅಲ್ಲಿಯೇ ಅಕ್ಕ ಪದ ನಿಲ್ಲಿಸಿ ಬೀಸುಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕುತ್ತಿದ್ದಳು. ೧೯೪೭ರ ದೀಪಾವಳಿಗೆ ಘೋಡಗೇರಿಯ ನಮ್ಮ ಪಡಸಾಲೆಯಲ್ಲಿ ದುಂಡಪ್ಪ ಮೂರು ದಿನ ಜ್ವರದಿಂದ ಮಲಗಿದ್ದ. ಮೂರು ದಿನವೂ ಅವಳು ಬೀಸುತ್ತಿದ್ದಳು. ಕ್ಯೂಬಾದವರು ಯಾವ ಜೋಳ ಹಾಕಲು ನಿಲ್ಲುತ್ತಾರೆ?

ಸಂಜೆ ಅಕ್ಕನಿಗೆ ಹೇಳಿದೆ. “ನನ್ನ ಪದಾನ? ಹಂಗಂತ ಅವ ಹೇಳ್ಯಾನೇನು?” ಎಂದಳು. ಇಲ್ಲ ಎಂದ ಮೇಲೆ ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗಿದಳು.

ಬರುವ ರವಿವಾರ ಹುಕ್ಕೇರಿಯಲ್ಲಿ ಅವನಿಗೆ ಸನ್ಮಾನವಂತೆ. ಅಕ್ಕನೊಂದಿಗೆ ಮುಂದಿನ ಸಾಲಿನಲ್ಲೇ ಕೂಡುತ್ತೇನೆ. ದುಂಡಪ್ಪ, ಆ ಒಂದು ಹಿಡಿ ಜೋಳ ಯಾರದು, ಜನರೆದುರು ಹೇಳು.