ಒಬ್ಬ ಅಪ್ಪ, ಎರಡು ಅರ್ಜಿ

ಸ್ನಾತಕೋತ್ತರ ಪ್ರವೇಶ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನನ್ನ ಅಪ್ಪ ನನ್ನ ಸ್ವಂತದವನಲ್ಲ ಎಂದು ತಮ್ಮ ಸಮಿತಿ ತೀರ್ಮಾನಿಸಿದೆ. ಶ್ರವಣ ವಿಜ್ಞಾನದ ಸ್ನಾತಕೋತ್ತರ ತರಗತಿಗೆ ನಾನು ಹಾಕಿದ ಅರ್ಜಿಯನ್ನು ತಿರಸ್ಕರಿಸುತ್ತಾ ತಾವು ಕೊಟ್ಟ ಕಾರಣ ಎರಡೇ ಪದಗಳದ್ದು: 'ಸ್ವಂತಿಕೆಯ ಕೊರತೆ'. ಅಂಕ ಕಡಿಮೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಅನುಭವ ಸಾಲದು ಎಂದಿದ್ದರೆ ನಕ್ಕುಬಿಡುತ್ತಿದ್ದೆ, ಏಕೆಂದರೆ ಕಾಲೇಜು ಮುಗಿಸಿದಾಗಿನಿಂದ ಶ್ರವಣ ಸಾಧನಗಳ ಅಂಗಡಿಯಲ್ಲಿ ಊರಿನವರ ಕಿವಿಗಳನ್ನು ಪರೀಕ್ಷಿಸುತ್ತಾ ಬಂದವಳು ನಾನು. ಆದರೆ ಹೆತ್ತ ಅಪ್ಪನ ಬಗ್ಗೆ ಬರೆದದ್ದರಲ್ಲಿ ಸ್ವಂತಿಕೆಯಿಲ್ಲ ಎಂದರೆ, ನಾನು ಯಾವ ಅಪ್ಪನನ್ನು ತರಬೇಕಿತ್ತು ಎಂದು ತಿಳಿಸುವ ಕೃಪೆ ಮಾಡಿ.

ತಮ್ಮ ಅರ್ಜಿಯಲ್ಲಿ 'ಪರ್ಸನಲ್ ಸ್ಟೇಟ್‌ಮೆಂಟ್' ಎಂಬ ಭಾಗವೊಂದಿದೆ. ನಿಮ್ಮನ್ನು ಈ ಕ್ಷೇತ್ರಕ್ಕೆ ಕರೆತಂದ, ನಿಮ್ಮ ಬದುಕಿನದ್ದೇ ಆದ ಒಂದು ಪ್ರಸಂಗವನ್ನು ಬರೆಯಿರಿ ಎಂದು ಅಲ್ಲಿ ಕೇಳುತ್ತೀರಿ. ಕೇಳುವುದು ಎಷ್ಟು ಸುಲಭ! ಎರಡು ಪುಟದೊಳಗೆ ಮನುಷ್ಯ ಸಂಕಟಪಟ್ಟಿರಬೇಕು, ಆ ಸಂಕಟದಿಂದ ಏನಾದರೂ ಕಲಿತಿರಬೇಕು, ಕಲಿತದ್ದು ತಮ್ಮ ವಿಭಾಗದ ಪಠ್ಯಕ್ರಮಕ್ಕೆ ಹೊಂದಿಕೆಯಾಗಬೇಕು. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದ ನತದೃಷ್ಟರು ಏನು ಬರೆಯುತ್ತಾರೋ ನಾನರಿಯೆ. ನಮ್ಮ ಮನೆಯಲ್ಲಿ ಆ ತಾಪತ್ರಯವಿರಲಿಲ್ಲ. ಅಪ್ಪನಿಗೆ ಕಿವಿ ಮಂದವಾಗಿತ್ತು. ತೊಂದರೆಯೆಂದರೆ, ಅರ್ಜಿ ಹಾಕುವ ಹೆಣ್ಣುಮಕ್ಕಳು ಇಬ್ಬರಿದ್ದೆವು.

ನನ್ನ ತಂಗಿ ನನಗಿಂತ ಚಿಕ್ಕವಳು, ಚೆಂದದವಳು, ಮಾತಿನಲ್ಲಿ ಜಾಣೆ. ಶಾಲೆಯಲ್ಲಿ ನಾನು ಉರು ಹೊಡೆದು ಬರೆದ ಪ್ರಬಂಧಕ್ಕೆ ಮೇಷ್ಟ್ರು 'ಪರವಾಗಿಲ್ಲ' ಎಂದು ಷರಾ ಹಾಕಿದರೆ, ಬಸ್ಸಿನಲ್ಲಿ ಕೂತು ಗೀಚಿದ ಅವಳ ಪ್ರಬಂಧವನ್ನು ತರಗತಿಯಲ್ಲಿ ಓದಿಸುತ್ತಿದ್ದರು. ಓದಿದ್ದು ಇಬ್ಬರೂ ಒಂದೇ ವಿಷಯ. ನಾನು ಕೆಲಸಕ್ಕೆ ಸೇರಿ, ಇನ್ನೂ ಹೆಚ್ಚು ಓದಬೇಕು ಎಂದು ಮನಸ್ಸು ಮಾಡುವ ಹೊತ್ತಿಗೆ ಅವಳೂ ಪದವಿ ಮುಗಿಸಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಊಟದ ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ಒಟ್ಟಿಗೇ ಬರೆಯಲು ಕುಳಿತೆವು.

"ಒಬ್ಬರದ್ದು ಒಬ್ಬರು ನೋಡೋದು ಬೇಡ ಕಣೇ ಅಕ್ಕ. ಆಮೇಲೆ ಕಾಪಿ ಹೊಡೆದಿದಾರೆ ಅಂತಾರೆ" ಎಂದಳು ತಂಗಿ.

ನಾನು ಒಪ್ಪಿದೆ. ನಮ್ಮ ಪ್ರಾಮಾಣಿಕತೆಯೇ ನಮಗೆ ಮುಳುವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಾನು ಬರೆದದ್ದನ್ನು ತಾವು ಓದಿದ್ದೀರಿ. ಆದರೂ ಈ ಪತ್ರ ಬಹಿರಂಗವಾದದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ. ಅಪ್ಪ ಸ್ಕೂಟರು, ಬೈಕುಗಳ ಮೆಕ್ಯಾನಿಕ್. ಎಂಜಿನ್ನಿನ ಒಳಗೆ ಎಲ್ಲಿ ಕೆಟ್ಟಿದೆ ಎಂದು ಕಿವಿಯಲ್ಲೇ ಹಿಡಿಯುವವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಗ್ಯಾರೇಜಿಗೆ ಹೋದೆ. ಸ್ಕೂಟರೊಂದರ ಯಜಮಾನ ಸಿಟ್ಟಿನಲ್ಲಿ ನಿಂತಿದ್ದ. "ಆ ಸದ್ದು ಹಂಗೇ ಇದೆಯಲ್ರೀ, ಏನ್ ರಿಪೇರಿ ಮಾಡಿದ್ರಿ?" ಅಪ್ಪ ಸ್ಕ್ರೂಡ್ರೈವರನ್ನು ಬಲಗಿವಿಗೆ ಇಟ್ಟುಕೊಂಡ. ಎಡಗಿವಿಗೆ ಬದಲಾಯಿಸಿದ. ಆಮೇಲೆ ಅದನ್ನು ಕೆಳಗಿಟ್ಟು, ಎಂಜಿನ್ನಿನ ಮೇಲೆ ಅಂಗೈ ಊರಿ, ರಸ್ತೆಯ ಕಡೆ ನೋಡುತ್ತಾ ನಿಂತುಬಿಟ್ಟ. ದಿನವಿಡೀ ಬೇರೆಯವರ ಕಿವಿ ನೋಡುವವಳಿಗೆ ಅಷ್ಟು ಸಾಕಾಗಿತ್ತು. ತಂಗಿಯೂ ಅಲ್ಲೇ ಇದ್ದಳು, ಹಳೆಯ ಟೈರುಗಳ ಮೇಲೆ ಕೂತು ಮೊಬೈಲು ಒತ್ತುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ. ಮನೆಗೆ ಹೋದ ಮೇಲೆ ನಾನೇ ಅವಳಿಗೆ ಹೇಳಿದೆ, ಅಪ್ಪನಿಗೆ ಕೇಳಿಸುತ್ತಿಲ್ಲ ಅಂತ.

ಇನ್ನು ಸಂದರ್ಶನ. ನನ್ನ ಹಾಳೆಗಳನ್ನು ತಾವು ತಿರುವಿದಿರಿ. ಪಕ್ಕದಲ್ಲಿದ್ದವರ ಕಡೆ ನೋಡಿ ನಕ್ಕಿರಿ.

"ಈ ಗ್ಯಾರೇಜಿನ ಕಥೆ ನಾವು ಆಗಲೇ ಇನ್ನೊಂದು ಅರ್ಜಿಯಲ್ಲಿ ಓದಿದ್ದೇವಲ್ಲ?"

"ಅದು ನನ್ನ ತಂಗಿ ಇರಬೇಕು ಸರ್."

"ಹಾಗಾದರೆ ಇದು ಇಬ್ಬರಲ್ಲಿ ಯಾರದ್ದು?"

ಮಾನ್ಯರೇ, ಇಂಥ ಪ್ರಶ್ನೆಗೆ ಯಾವ ಮರ್ಯಾದಸ್ಥ ಉತ್ತರವಿದೆ? ಇಬ್ಬರದ್ದೂ ಎನ್ನಬಹುದಿತ್ತು. ನಮ್ಮಪ್ಪನದು ಎಂದು ಜಾಣತನ ತೋರಿಸಬಹುದಿತ್ತು. ನಾನು "ನಂದು ಸರ್" ಎಂದೆ. ಅಂಗಡಿಯಲ್ಲಿ ಒಂದೇ ಸೀರೆಯ ಎರಡು ತುದಿ ಹಿಡಿದ ಹೆಂಗಸರ ದನಿ ಹೇಗಿರುತ್ತದೋ ಹಾಗೆ. ತಾವು ಏನನ್ನೋ ಬರೆದುಕೊಂಡಿರಿ. ನನಗಿಂತ ಮೊದಲು ಒಳಗೆ ಹೋಗಿ ಬಂದಿದ್ದ ತಂಗಿಗೆ ಈ ಪ್ರಶ್ನೆ ಬಂದೇ ಇರಲಿಲ್ಲ. ಮೊದಲು ಓದಿದ್ದು ಅಸಲಿ, ಆಮೇಲೆ ಓದಿದ್ದು ನಕಲಿ ಎಂಬುದು ತಮ್ಮ ಸಮಿತಿಯ ವೈಜ್ಞಾನಿಕ ವಿಧಾನವಾದರೆ, ಹುಟ್ಟಿದ ಕ್ರಮದಲ್ಲಿ ನಾನೇ ಮೊದಲು ಎಂಬುದನ್ನು ದಾಖಲೆಗೆ ಸೇರಿಸಿಕೊಳ್ಳಿ.

ಅವಳಿಗೆ ಸೀಟು ಸಿಕ್ಕಿತು. ಫಲಿತಾಂಶ ಬಂದ ದಿನ ಅಮ್ಮ ಯಾರ ಕಡೆ ನೋಡಬೇಕೆಂದು ತಿಳಿಯದೆ ಒಲೆಯ ಕಡೆ ನೋಡುತ್ತಾ ನಿಂತಿದ್ದಳು. ನಾನು ತಂಗಿಯನ್ನು ತಬ್ಬಿಕೊಂಡು ಶುಭಾಶಯ ಹೇಳಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊಟ್ಟೆಕಿಚ್ಚು ಎಂದು ತಾವು ಹೇಳುವ ಮೊದಲು ನಾನೇ ಹೇಳುತ್ತೇನೆ: ಹೌದು, ಹೊಟ್ಟೆಕಿಚ್ಚೇ. ಅವಳ ಹೊಸ ಚೀಲ ಕಂಡರೆ ಉರಿಯುತ್ತದೆ. ತರಗತಿಯ ವೇಳಾಪಟ್ಟಿಯನ್ನು ಅವಳು ಕನ್ನಡಿಗೆ ಅಂಟಿಸಿದ್ದಾಳೆ, ತಲೆ ಬಾಚುವಾಗಲೆಲ್ಲ ಉರಿಯುತ್ತದೆ. ಅವಳ ತರಗತಿಗೆ ತಾವು ಗೊತ್ತುಮಾಡಿದ ಪುಸ್ತಕಗಳಲ್ಲಿ ಅರ್ಧ ನನ್ನ ಕಪಾಟಿನಲ್ಲೇ ಇದ್ದವು. ಅವನ್ನು ಎತ್ತಿಕೊಡುವಾಗ ಕೈ ಕೂಡ ಉರಿಯಿತು.

ಕೊನೆಗೆ ಒಂದು ದಿನ, "ನೀನು ಬರೆದದ್ದು ಕೊಡು, ಓದ್ತೀನಿ" ಎಂದೆ. ಕೊಟ್ಟಳು. ಅದೇ ಗ್ಯಾರೇಜು, ಅದೇ ಸ್ಕೂಟರು. ಆದರೆ ಅಲ್ಲೊಂದು ವಾಕ್ಯವಿತ್ತು: 'ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಅಪ್ಪ ಎಂಜಿನ್ನಿನ ಮೇಲೆ ಅಂಗೈ ಇಟ್ಟರು.' ಆ ಅಂಗೈಯನ್ನು ನಾನೂ ನೋಡಿದ್ದೆ. ಜ್ವರ ನನಗೆ ಹೊಳೆಯಲಿಲ್ಲ. ನಾನು ಬರೆದದ್ದು, 'ಶ್ರವಣ ಸಾಮರ್ಥ್ಯದ ಕುಸಿತವು ವೃತ್ತಿಜೀವನದ ಮೇಲೆ ಬೀರುವ ಪರಿಣಾಮವನ್ನು ಪ್ರತ್ಯಕ್ಷವಾಗಿ ಗಮನಿಸಿದೆ' ಎಂದು. ತಮ್ಮ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಅವಳನ್ನೇ ಆರಿಸುತ್ತಿದ್ದೆನೇನೋ. ಇದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ತಮಗೆ ತಿಳಿಯದು.

"ನೀನು ನೋಡ್ಲೇ ಇಲ್ಲ. ಮೊಬೈಲಲ್ಲಿ ಮುಳುಗಿದ್ದೆ. ನಾನ್ ಹೇಳಿದ್ದನ್ನೇ ಬರೆದಿದ್ದೀಯ" ಎಂದು ಕೂಗಾಡಿದೆ.

"ನೋಡಿದ್ದೆ ಅಕ್ಕ. ತಲೆ ಎತ್ತಿದ್ರೆ ಅತ್ತುಬಿಡ್ತಿದ್ದೆ, ಅದಕ್ಕೇ ಎತ್ತಲಿಲ್ಲ. ನಿಂಗಿಂತ ಮುಂಚೆನೇ ಗೊತ್ತಿತ್ತು ನಂಗೆ. ಅಪ್ಪನೇ ಹೇಳಿದ್ದ. ಆಸ್ಪತ್ರೆಗೆ ಟೆಸ್ಟಿಗೂ ನಾನೇ ಕರ್ಕೊಂಡು ಹೋಗಿದ್ದೆ."

ಗದ್ದಲ ಎಷ್ಟಿತ್ತೆಂದರೆ ಅಪ್ಪನಿಗೂ ಕೇಳಿಸಿತು. ಬಾಗಿಲಲ್ಲಿ ಬಂದು ನಿಂತ. "ಏನ್ರೇ ಇದು? ನನ್ನ ಕಿವಿ ಹೋಗಿದ್ದಕ್ಕೆ ಪಾಲು ಕೇಳ್ತಿದ್ದೀರಾ ಇಬ್ರೂ?"

ತಂಗಿ ಅಳುತ್ತಾ, "ಬೇಕಾದ್ರೆ ಸೀಟು ಬಿಟ್ಟುಬಿಡ್ತೀನಿ" ಎಂದಳು. ಬೇಡ ಎನ್ನಲು ನನಗೆ ತುಸು ಹೊತ್ತು ಹಿಡಿಯಿತು. ಆದರೂ ಬೇಡ ಎಂದೆ. ಅವಳು ಬಿಟ್ಟ ಸೀಟನ್ನು ತಾವು ನನಗೇನೂ ಕೊಡುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು ಅನ್ನಿ.

ಸೀಟಿನ ಉರಿ ಒಂದು ಕಡೆ, ಅಂದು ಹತ್ತಿಕೊಂಡ ಉರಿ ಇನ್ನೊಂದು ಕಡೆ. ಕಿವಿಯ ಕೆಲಸ ಮಾಡುವ ಮಗಳು ಮನೆಯಲ್ಲೇ ಇರುವಾಗ, ಆಗಿನ್ನೂ ಓದುತ್ತಿದ್ದ ಮಗಳ ಹತ್ತಿರ ಅಪ್ಪ ಹೋಗಿದ್ದ. ಯಾಕೆ ಎಂದು ಕೇಳಿದರೆ "ಏನೋ, ಹಂಗಾಯ್ತು" ಎಂದು ಜಾರಿಕೊಂಡ. ಅನೇಕ ದಿನ ನಾನು ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೊಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಗಿರಾಕಿಗಳ ಸಾಲಿನಲ್ಲಿ ಅಪ್ಪನೂ ಕೂತಿದ್ದ. ಕೈಯ ಗ್ರೀಸು ಉಜ್ಜಿ ಉಜ್ಜಿ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ಕರೆದರೂ ತನ್ನ ಸರದಿ ಬರುವವರೆಗೆ ಏಳಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಗಾಜಿನ ಈಚೆ ಕೂತು ಸದ್ದುಗಳನ್ನು ಬಿಡತೊಡಗಿದೆ. ಕೇಳಿಸಿದಾಗಲೆಲ್ಲ ಕೈ ಎತ್ತಬೇಕು. ಅಪ್ಪ ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ. ಸಣ್ಣ ಸದ್ದುಗಳಿಗೆ ಕೈ ಏಳಲಿಲ್ಲ. ಎದ್ದದ್ದೂ ಕೆಲವೊಮ್ಮೆ ಸದ್ದಿಲ್ಲದಾಗ ಎದ್ದಿತು, ನನ್ನ ಮುಖ ನೋಡಿ ಊಹಿಸಿ. ನಾನು ಮುಖ ತಿರುಗಿಸಿಕೊಂಡೆ.

ಸಾಧನ ತೊಡಿಸಿ, ಮೆಲ್ಲಗೆ ಕೇಳಿದೆ, "ಅಪ್ಪಾ, ನನ್ನ ಹತ್ರ ಯಾಕೆ ಬರ್ಲಿಲ್ಲ?"

ಈ ಸಲ ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. "ಅವಳಿಗೆ ಹೇಳಿದ್ರೆ ಬರೀ ಮಾತು ಕಣಮ್ಮ. ಆಸ್ಪತ್ರೆಯವ್ರು ಹೇಳಿದ್ದನ್ನೂ ನಂಬ್ದೇ ಇರ್ಬಹುದಿತ್ತು. ನೀನು ಟೆಸ್ಟ್ ಮಾಡಿ 'ಹೌದು' ಅಂದಿದ್ರೆ ಅದು ನಿಜ ಆಗ್ಬಿಡ್ತಿತ್ತು. ಸ್ವಲ್ಪ ದಿನ ನಿಜ ಆಗ್ದೇ ಇರ್ಲಿ ಅನ್ಸಿತ್ತು" ಎಂದ.

ಮಾನ್ಯರೇ, ನಾನು ಸೀಟು ಬೇಡುತ್ತಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ, ಯೋಗ್ಯತೆಯಿದ್ದರೆ ಕೊಡಿ. ನನ್ನ ಬೇಡಿಕೆ ಇಷ್ಟೇ: ನನ್ನ ಕಡತದಲ್ಲಿರುವ ಆ ಎರಡು ಪದಗಳನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಲಿಖಿತವಾಗಿ ತಿಳಿಸಿ. ಚೆನ್ನಾಗಿ ಬರೆದಿಲ್ಲ ಎಂದು ಬೇಕಾದರೆ ಬರೆದುಕೊಳ್ಳಿ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಇನ್ನೊಬ್ಬರ ಮನೆಯ ನೋವನ್ನು ಮೇಜಿನ ಮೇಲಿಟ್ಟು ಇದು ಯಾರದ್ದು ಎಂದು ಮತ್ತೆ ಯಾರನ್ನೂ ಕೇಳಬೇಡಿ. 'ನಂದು' ಎಂದು ಕೂಗುವವರೆಗೆ ನಾನು ಅವಳಿಗೆ ಅಕ್ಕನಾಗಿದ್ದೆ. ಮತ್ತೆ ಅಕ್ಕನಾಗಲು ಈಗ ಪ್ರಯತ್ನಪಡುತ್ತಿದ್ದೇನೆ. ನಿನ್ನೆ ಅವಳ ಮೊದಲ ಸೆಮಿನಾರಿನ ಬರಹ ತಿದ್ದಿಕೊಟ್ಟೆ. ತಪ್ಪುಗಳು ಬೇಕಾದಷ್ಟಿದ್ದವು. ತಾವು ನಂಬಲಿಕ್ಕಿಲ್ಲ, ಬಹಳ ಸಂತೋಷವಾಯಿತು.

ಇಂತಿ,
ತಮ್ಮ ವಿದ್ಯಾರ್ಥಿನಿಯ ತಪ್ಪು ತಿದ್ದುವ ಕೆಲಸವಾದರೂ ಸಿಕ್ಕಿರುವ,
ಹೊಟ್ಟೆಕಿಚ್ಚು ಪೂರ್ತಿ ಆರದ ಹಿರಿಯ ಮಗಳು