ರಾತ್ರಿಪಾಳಿಯ ದಾದಿ

ಮನೆಯಿಂದ,
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ.

ಕೆಮ್ಮು ಹೇಗಿದೆ? ಟೀವಿಯಲ್ಲಿ ಸದನ ತೋರಿಸಿದಾಗ ನೀನು ಎರಡು ಸಲ ಕರವಸ್ತ್ರ ತೆಗೆದದ್ದು ಕಂಡೆ. ಮಾತಿನ ಮಧ್ಯೆ ಬಿಸಿನೀರು ಕುಡಿ, ಮೈಕು ಎಲ್ಲೂ ಓಡಿಹೋಗುವುದಿಲ್ಲ. ನಾನು ಆರೋಗ್ಯ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನೀನು ಶಾಸಕನಾದಾಗಿನಿಂದ ಮೂರು ತಿಂಗಳಿಗೊಮ್ಮೆ ಮನೆಮನೆಗೂ ಹೋಗುವ ವಾರ್ತಾಪತ್ರ ಶುಕ್ರವಾರ ಮುದ್ರಣಾಲಯದಿಂದ ಬಂತು. ಮುಂದಿನ ಕೋಣೆಯ ಮೇಜು, ಮಂಚ, ಹೊಲಿಗೆಯಂತ್ರ, ಎಲ್ಲದರ ಮೇಲೂ ನಿನ್ನ ನಗುಮುಖವೇ. ಎದುರಿನ ಇಸ್ತ್ರಿ ಅಂಗಡಿಯ ಅಕ್ಕ, ಅಂಚೆಯವನ ಹೆಂಡತಿ, ನಾನು ಕೂತು ಮಡಚಿದೆವು. ಇಸ್ತ್ರಿಯಕ್ಕನ ಕೈಚಳಕ ನೋಡಬೇಕು, ನಿನ್ನ ಮೂಗಿನ ಮೇಲೆ ಒಂದು ಗೆರೆಯೂ ಬೀಳದು. "ನಾವೇ ಓಟು ಹಾಕಿದ ಮುಖ, ಸುಕ್ಕಾಗಬಾರದು" ಅಂತಾಳೆ. ಅವಳಿಗೆ ಓದು ಬಾರದು, ಹಾಗಾಗಿ ನಾನು ಗಟ್ಟಿಯಾಗಿ ಓದಿದೆ. ಬೀದಿದೀಪ, ಗ್ರಂಥಾಲಯದ ಚಾವಣಿ, ಓಟದಲ್ಲಿ ಗೆದ್ದ ಶಾಲೆಯ ಹುಡುಗಿ. ಆಮೇಲೆ ಆ ಸಾಲು: "ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಈ ತಿಂಗಳ ಒಂದರಿಂದ ರಾತ್ರಿಪಾಳಿಯ ದಾದಿ ನೇಮಕವಾಗಿದ್ದಾರೆ." ಹೆಮ್ಮೆಯಿಂದ ಎರಡು ಸಲ ಓದಿದೆ. ಇಸ್ತ್ರಿಯಕ್ಕ ಕಾಗದ ಕೆಳಗಿಟ್ಟು, "ಹಂಗಾದ್ರೆ ನಮ್ಮ ಸೊಸೆ ಪಟ್ಟಣಕ್ಕೆ ಹೋಗೋದೇ ಬೇಡ ಬಿಡಿ" ಎಂದಳು. ಸೊಸೆಗೆ ದಿನ ತುಂಬಿವೆ. ಸಂಜೆ ಆರಕ್ಕೆ ಇಲ್ಲಿನ ವಾರ್ಡಿಗೆ ಬೀಗ ಬೀಳುತ್ತದೆಂದು, ದೊಡ್ಡಾಸ್ಪತ್ರೆಯ ಪಕ್ಕದಲ್ಲಿರುವ ತನ್ನ ಅಕ್ಕನ ಮನೆಗೆ ಹೋಗಲು ಚೀಲ ತುಂಬಿಟ್ಟಿದ್ದಳು. ಅವತ್ತೇ ಚೀಲ ಬಿಚ್ಚಿದರು.

ಸೋಮವಾರ ಮಂಡಿಗೆ ಮುಲಾಮು ತರಲು ಆಸ್ಪತ್ರೆಗೆ ಹೋದೆ. ಹೊಸ ದಾದಿ ಹೇಗಿದ್ದಾಳೆ ಎಂದು ಡಾಕ್ಟರಮ್ಮನನ್ನು ಕೇಳಿದರೆ, "ಯಾವ ದಾದಿ? ಇರೋ ಇಬ್ಬರಲ್ಲಿ ಒಬ್ಬಳು ರಜೆ. ಆರು ಗಂಟೆಗೆ ನಾನೇ ಬೀಗ ಹಾಕ್ಕೊಂಡು ಹೋಗ್ತಿದೀನಿ" ಎಂದರು. ಮನೆಗೆ ಬಂದವಳೇ ನಿನ್ನ ಕಾರ್ಯದರ್ಶಿಗೆ ಫೋನು ಮಾಡಿದೆ. ಮುದ್ರಣಕ್ಕೆ ಹತ್ತು ದಿನ ಮೊದಲೇ ಕೊಡಬೇಕಂತೆ, ಅದಕ್ಕೆ ಅಷ್ಟರೊಳಗೆ ಆಗಬಹುದಾದ ಕೆಲಸವನ್ನೆಲ್ಲ ಆಗಿಯೇ ಬಿಟ್ಟಿತೆಂದು ಬರೆಯುವುದು ಅವನ ಪದ್ಧತಿಯಂತೆ. "ಆಗೋಯ್ತು ಅಂತಲೇ ತಿಳ್ಕೊಳ್ಳಿ ಅಕ್ಕಾ. ಅಧಿವೇಶನ ಮುಗಿಯೋವರೆಗೂ ಬಾಯಿ ಬಿಡಬೇಡಿ, ಕಟ್ಟುಗಳನ್ನ ಅಂಚೆಗೆ ಹಾಕಿ." ನಿನಗೆ ಮೂರು ಸಲ ಫೋನು ಮಾಡಿದೆ, ಮೂರು ಸಲವೂ ನೀನು ಸಭೆಯಲ್ಲಿದ್ದೆ. ಬಸುರಿಯ ಹೊಟ್ಟೆ ಅಧಿವೇಶನ ನೋಡಿಕೊಂಡು ನಿಲ್ಲುತ್ತದೇನೋ?

ಅವತ್ತಿನಿಂದ ಕೂತಲ್ಲಿ ಕೂರಲಾರೆ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುತ್ತೇನೆ, ಬಾಗಿಲಿಗೆ ಬಂದು ಯಾಕೆ ಬಂದೆ ಎಂದು ಮರೆಯುತ್ತೇನೆ. ಎದುರಿನ ಅಂಗಡಿಯಲ್ಲಿ ಆ ಬಸುರಿ ಸೊಸೆ ಸ್ಟೂಲಿನ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿರುತ್ತಾಳೆ, ನನ್ನನ್ನು ಕಂಡು ಕೈಬೀಸುತ್ತಾಳೆ. ನಾನೂ ಬೀಸುತ್ತೇನೆ. ನಿನ್ನೆ ಪ್ರಾರ್ಥನೆಗೆ ಕೂತು ನಿನ್ನ ಹೆಸರು ಹೇಳಹೋದರೆ ನಾಲಿಗೆ ಏಳಲಿಲ್ಲ. ದೇವರಿಗೂ "ಆಗೋಯ್ತು ಅಂತಲೇ ತಿಳ್ಕೋ" ಎನ್ನಲೇ? ನೀನು ಕೆಟ್ಟವನಲ್ಲ, ನಿನ್ನನ್ನು ಎತ್ತಿ ಆಡಿಸಿದವಳಿಗೆ ಗೊತ್ತಿಲ್ಲವೇ. ಅಚ್ಚಿಗೆ ಹೋಗುವ ಮೊದಲು ಓದಿ ಸರಿಯಿದೆ ಎಂದವಳು ನಾನು. ಅಕ್ಷರ ನೋಡಿದೆ, ಆಸ್ಪತ್ರೆಗೆ ಹೋಗಿ ನೋಡಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಊಟ ತಪ್ಪಿಸಬೇಡ. ದೇವರು ನಿನ್ನ ಬೆನ್ನ ಹಿಂದೆಯೂ ಇರಲಿ, ನಾಲಿಗೆಯ ಮೇಲೂ ಇರಲಿ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು: ಇವತ್ತು ಶನಿವಾರ, ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಗುರುವಾರ ಸಹಿ ಹಾಕಿದವಳೇ ಪೆನ್ನು ಬಿಸಾಕಿ, ರಸ್ತೆ ದಾಟಿ, ಹೇಳಿಬಿಟ್ಟೆ. ಇಸ್ತ್ರಿಯಕ್ಕ ಬೈಯಲಿಲ್ಲ. "ನೀವು ಓದಿದ್ರಿ ಅಂತ ನಂಬಿದ್ದೆ" ಎಂದಳು, ಬೈದಿದ್ದರೇ ಚೆನ್ನಾಗಿತ್ತು. ಸೊಸೆ ಹನ್ನೊಂದರ ಬಸ್ಸಿಗೆ ಹೊರಟಳು, ತಲುಪಿದ್ದಾಳೆ. ಆಮೇಲೆ ನಾವು ಮೂವರೂ ಎರಡು ದಿನ ಕೂತು ಅಷ್ಟೂ ಕಾಗದ ಬಿಚ್ಚಿ, ಆ ಸಾಲನ್ನು ಹೊಡೆದುಹಾಕಿ, ಕೆಳಗೆ ನಾನು, ಅಂಚೆಯವನ ಹೆಂಡತಿ ಬರೆದೆವು: "ಇದು ಇನ್ನೂ ಆಗಿಲ್ಲ. ಇಪ್ಪತ್ತೆರಡರ ಭಾನುವಾರ ಶಾಸಕರು ಮನೆಯಲ್ಲಿರುತ್ತಾರೆ, ಬಂದು ಕೇಳಿ." ಕಟ್ಟುಗಳು ಈ ಪತ್ರದ ಜೊತೆಗೇ ಹೋಗುತ್ತಿವೆ. ಅವತ್ತು ದಾದಿಯ ಆದೇಶ ಹಿಡಿದು ಬಾ. ಆಗದಿದ್ದರೆ ಬರಿಗೈಯಲ್ಲೇ ಬಂದು, ಆಗಲಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ.