ಕಲ್ಲು ಕಾರಿದ ಉಪ್ಪು

ಅಲ್ ಖೌದ್, ಮಸ್ಕತ್
ಸೋಮವಾರ, ೧೧ ನವೆಂಬರ್ ೨೦೨೪

ಪ್ರೀತಿಯ ಸುಭಾಸಣ್ಣಾ,

ಹೇಗಿದ್ದೀ? ಸೊಂಟದ ನೋವು ಕಡಿಮೆಯಾಯಿತೇ? ದಿನವಿಡೀ ಪಿಕಪ್ ಓಡಿಸಿ, ಭಾರವನ್ನೂ ನೀನೇ ಇಳಿಸಿದರೆ ಯಾವ ಮುಲಾಮು ತಾನೇ ಏನು ಮಾಡೀತು? ವೈನಿ ಬಿ.ಪಿ. ಮಾತ್ರೆ ತಪ್ಪಿಸದಂತೆ ನೋಡಿಕೋ. ನಿನ್ನೆ ಊರಿಂದ ಅವ್ವ ಫೋನ್ ಮಾಡಿ, ‘ಅವಾ ಯಾಕ ಫೋನ್ ಎತ್ತವಲ್ಲ?’ ಎಂದು ನನ್ನನ್ನು ಕೇಳಿದಳು. ಕೆಲಸ ಹೆಚ್ಚಿರಬೇಕು ಎಂದೆ. ಹಾಗೆ ಹೇಳುವಾಗ ನನಗೇ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ. ನನ್ನ ಕರೆಗಳನ್ನೂ ನೀನು ಎಷ್ಟೋ ದಿನದಿಂದ ಎತ್ತಿಲ್ಲ. ನಮ್ಮ ಕಟ್ಟಡದ ಬೊನಿಫಾಸ್ ಅವರು ಇವತ್ತು ನಿಮ್ಮ ಬುರೈಮಿಗೆ ಹೊರಟಿದ್ದಾರೆ. ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕೆಂದು ಅವರಿಗೆ ಹೇಳಿದ್ದೇನೆ.

ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಸತ್ತವರ ಸಾಮಾನು ಕಾಯುವವಳು ಎಂದು ನಗಾಡುತ್ತೀ. ಅಲ್ ಖುವೈರಿನ ಈ ಖಾಸಗಿ ಮ್ಯೂಸಿಯಮ್ಮಿನ ಈಜಿಪ್ಟ್ ವಿಭಾಗಕ್ಕೆ ಕ್ಯುರೇಟರ್ ಅಂತ ಇರುವವಳು ನಾನೊಬ್ಬಳೇ. ಬೆಳಿಗ್ಗೆ ಹೋದೊಡನೆ ಗಾಜಿನ ಪೆಟ್ಟಿಗೆಗಳೊಳಗಿನ ತೇವಾಂಶ ನೋಡಬೇಕು. ಬೆಕ್ಕಿನ ಮಮ್ಮಿಗೆ ಸುತ್ತಿದ ಬಟ್ಟೆಗೆ ಹುಳು ಬಿದ್ದಿದೆಯೇ ಎಂದು ಟಾರ್ಚ್ ಹಿಡಿದು ಹುಡುಕಬೇಕು. ಶಾಲೆಯ ಮಕ್ಕಳು ಬಂದರೆ, ಅದು ಎದ್ದು ಬರುವುದಿಲ್ಲ ಎಂದು ಧೈರ್ಯ ಹೇಳಬೇಕು. ಹೊಸ ವಸ್ತು ಬಂದಾಗ ಮಾತ್ರ ಅದನ್ನು ಅನುಮಾನದಿಂದ ನೋಡುವುದೇ ಕೆಲಸ. ಆ ಅನುಮಾನ ಮನೆಗೂ ಬರುತ್ತದೆಂದು ಇವರು ಬೈಯುತ್ತಾರೆ. ಹಾಲಿನ ಡಬ್ಬಿಯ ತಾರೀಖನ್ನೂ ತಿರುಗಿಸಿ ತಿರುಗಿಸಿ ಓದುತ್ತೇನಂತೆ.

ಕಳೆದ ತಿಂಗಳು ನಮ್ಮಲ್ಲಿಗೆ ಮಾರಾಟಕ್ಕೆಂದು ಸುಣ್ಣಕಲ್ಲಿನ ಒಂದು ಫಲಕ ಬಂತು. ಅದರಲ್ಲೊಬ್ಬ ಹೆಂಗಸು ತಾವರೆಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಾಳೆ. ಎಷ್ಟು ಚೆಲುವಾಗಿತ್ತೆಂದರೆ, ನೋಡಿದ ಕೂಡಲೇ ನಕಲಿ ಎಂದುಕೊಂಡೆ. ಹಿಂಬದಿಯಲ್ಲಿ ಯಂತ್ರದ ಗರಗಸದ ಹೊಸ ಗೀರುಗಳು ಬೇರೆ ಇದ್ದವು. ಆದರೆ ಕೆತ್ತನೆಯ ಆಳದಲ್ಲಿ ಹಳೆಯ ಕೆಂಪು ಬಣ್ಣದ ಚೂರುಗಳು, ಅವುಗಳ ಮೇಲೆ ಕಲ್ಲಿನಂತೆಯೇ ಗಟ್ಟಿಯಾದ ಮಣ್ಣು. ಎ.ಸಿ. ಉಗ್ರಾಣದಲ್ಲಿ ಕೆಲವು ದಿನ ಇಟ್ಟಮೇಲೆ ಕಲ್ಲಿನ ಮೈಯೆಲ್ಲ ಬೆಳ್ಳಗೆ ಉಪ್ಪು ಕಾರತೊಡಗಿತು. ಮನೆಯೊಂದರ ಒಣ ಗೋಡೆಯ ಮೇಲೆ ತಲೆಮಾರುಗಟ್ಟಲೆ ಇದ್ದ ಕಲ್ಲು ಈಗ ಹೀಗೆ ಉಪ್ಪು ಕಾರುವುದಿಲ್ಲ. ತೇವದ ನೆಲದಲ್ಲಿದ್ದು ಈಚೆಗೆ ಹೊರಬಿದ್ದ ಕಲ್ಲು ಅದು. ಅಂದರೆ ಅಸಲಿ, ಯಾರದೋ ಗೋರಿಯ ಗೋಡೆಯಿಂದ ಕೊಯ್ದು ತಂದದ್ದು. ನಕಲಿಯಾಗಿದ್ದರೆ ವಾಪಸ್ ಕಳಿಸಿ ಮರೆತುಬಿಡಬಹುದಿತ್ತು.

ನಮ್ಮ ನಿರ್ದೇಶಕರಿಗೆ ಹೇಳಿದೆ. ‘ಮೇಡಂ, ಅನುಮಾನ ಖಲಾಸ್ ಮಾಡಿ, ಲೇಬಲ್ ಬರೆಯಿರಿ’ ಎಂದರು. ನಾನು ಬರೆಯಲಿಲ್ಲ. ಅಂದಿನಿಂದ ಎಲ್ಲರ ಮೇಲೂ ಕಣ್ಣಿಟ್ಟೆ. ಮೊದಲು ನಿರ್ದೇಶಕರ ಮೇಲೆ, ಆಮೇಲೆ ಉಗ್ರಾಣ ನೋಡಿಕೊಳ್ಳುವ ಸವಾದ್ ಮೇಲೆ. ಉಪ್ಪಿನಂಗಡಿಯ ಹುಡುಗ, ಮಗಳ ಹುಟ್ಟುಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ನಿನ್ನ ಪಕ್ಕದಲ್ಲೇ ಕುಳಿತು ಹೋಳಿಗೆ ತಿಂದವನು. ಅವನು ಸುಮ್ಮಸುಮ್ಮನೆ ಆ ಪೆಟ್ಟಿಗೆಯ ಸುತ್ತ ಸುಳಿಯುತ್ತಿದ್ದ, ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದ. ಪೆಟ್ಟಿಗೆ ತಂದವರು ಯಾರು ಎಂದು ಕೇಳಿದರೆ, ಡ್ರೈವರ್ ಒಬ್ಬ ಎನ್ನುತ್ತಿದ್ದ. ಇವನೂ ಇದರಲ್ಲಿದ್ದಾನೆ ಎಂದೇ ತೀರ್ಮಾನಿಸಿ, ಉಗ್ರಾಣದ ಬೀಗದ ಕೈ ಅವನಿಂದ ಕಸಿದುಕೊಂಡೆ. ಆಗ ಅವನ ಕಣ್ಣಲ್ಲಿ ನೀರು ಬಂತು. ‘ನಾನು ಕದ್ದಿಲ್ಲ ಮೇಡಂ. ಪೆಟ್ಟಿಗೆ ತಂದದ್ದು ನಿಮ್ಮ ಅಣ್ಣ. ತಂಗಿಗೆ ಹೇಳ್ಬೇಡ ಅಂತ ಕೈ ಹಿಡ್ಕೊಂಡ್ರು. ನಾನು ಹೇಗೆ ಹೇಳ್ಲಿಕ್ಕಾಗ್ತದೆ?’ ಎಂದ. ಆ ಹುಡುಗನ ಕ್ಷಮೆಯನ್ನೂ ಕೇಳದೆ ಉಗ್ರಾಣದಿಂದ ಹೊರಬಂದೆ.

ಬಾಡಿಗೆ ಬಂತು, ಒಳಗೇನಿದೆ ಎಂದು ತಿಳಿಯದೆ ಹೊತ್ತೆ ಎಂದು ನೀನು ಹೇಳಬಹುದು. ಅದೇ ನಿಜವಿರಲಿ ಎಂದು ನಾನೂ ಬೇಡಿಕೊಂಡೆ. ಆದರೆ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಪಂಚಮಿಗೆ ಉಂಡಿ ತೆಗೆದುಕೊಂಡು ಬಂದಿದ್ದೆಯಲ್ಲ, ಅಂದು ಊಟಕ್ಕೆ ಕುಳಿತಾಗ ನೀನು, ‘ಹಳೇ ಸಾಮಾನು ತಗೊಳ್ಳಬೇಕಾದ್ರ ನೀವು ಏನೇನ್ ಕೇಳ್ತೀರಿ?’ ಎಂದೆ. ನನ್ನ ಕೆಲಸದ ಬಗ್ಗೆ ಅಣ್ಣ ಮೊದಲ ಸಲ ಕೇಳಿದನೆಂದು ನಾನು ಉಬ್ಬಿಹೋದೆ. ರೊಟ್ಟಿ ಬಡಿಸುತ್ತ ನಗೆಯಾಡಿದೆ: ‘ಅಜ್ಜ ಕೈರೋದಿಂದ ತಂದಿದ್ರು, ನಡುಮನಿ ಗ್ವಾಡಿಗೆ ಹಾಕಿದ್ವಿ ಅಂತ ಎಲ್ಲಾರೂ ಅಂತಾರ. ನಂಬಾವ್ರೂ ಇರ್ತಾರ.’ ಕಲ್ಲು ಎಲ್ಲಿಂದ ಬಂತೆಂದು ನಿರ್ದೇಶಕರನ್ನು ಒತ್ತಿ ಕೇಳಿದಾಗ, ಮಾರುವವನು ಹೇಳಿದ್ದನ್ನೇ ನನಗೆ ಹೇಳಿದರು. ಅಜ್ಜ, ಕೈರೋ, ನಡುಮನೆಯ ಗೋಡೆ. ಅಣ್ಣಾ, ನನ್ನ ಅಡುಗೆಮನೆಯ ನಗೆಮಾತು ಅವನ ಬಾಯಿಗೆ ಹೇಗೆ ಹೋಯಿತು?

ಯಾರಾದರೂ ನಿನ್ನನ್ನು ಹೆದರಿಸಿದರೇ? ನಿನಗೆ ವೀಸಾ ಕೊಡಿಸಿದ ಕಫೀಲ್ ಏನಾದರೂ ಒತ್ತಾಯ ಮಾಡಿದನೇ? ವೈನಿಗೆ ಗೊತ್ತೇ? ಇಷ್ಟೆಲ್ಲ ಕೇಳುತ್ತಿರುವಾಗಲೂ, ನೀನು ಹೊತ್ತಿಗೆ ಊಟ ಮಾಡುತ್ತಿದ್ದೀಯೋ ಇಲ್ಲವೋ ಎಂಬ ಚಿಂತೆ ನಡುವೆ ಬಂದು ಕೂರುತ್ತದೆ. ಮಗಳು ತನ್ನ ಇಂಗ್ಲಿಷಿನಲ್ಲಿ ಮಾಮಾ ಯಾವಾಗ ಬರುತ್ತಾನೆಂದು ಕೇಳುತ್ತಲೇ ಇರುತ್ತಾಳೆ. ವೈನಿಗೆ ನನ್ನ ನಮಸ್ಕಾರ. ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಪ್ರತಿಮಾ

ತಾ.ಕ.: ಬೊನಿಫಾಸ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆಯಲಾಗದೆ ಹೋದದ್ದು ಇದು. ಇವತ್ತು ಬೆಳಿಗ್ಗೆ ಅಧಿಕಾರಿಗಳು ಬಂದು ಕಲ್ಲಿಗೆ ಸೀಲ್ ಹಾಕಿದರು. ಅವರನ್ನು ಕರೆಸಿದವಳು ನಾನೇ. ಪೆಟ್ಟಿಗೆ ತಂದವರು ಯಾರೆಂದು ಕೇಳಿದಾಗ ಸವಾದ್ ನನ್ನ ಮುಖ ನೋಡಿದ. ನಿನ್ನ ಹೆಸರನ್ನು ನಾನು ಹೇಳಿದೆ. ನಾಳೆ ಅವರು ನಿನ್ನಲ್ಲಿಗೆ ಬರುತ್ತಾರೆ. ಗಡಿ ದಾಟಿ ಅಲ್ ಐನ್ ಕಡೆ ಹೋಗಬೇಡ, ಇದ್ದದ್ದು ಇದ್ದಹಾಗೆ ಹೇಳಿಬಿಡು. ವಕೀಲರನ್ನು ಗೊತ್ತುಮಾಡಿದ್ದೇನೆ. ಬೊನಿಫಾಸರ ಕಾರಿನಲ್ಲಿ ನಾನೂ ಬರಬಹುದಿತ್ತು, ಜಾಗವಿತ್ತು. ಎದುರು ಕುಳಿತು ನೀನು ‘ನನಗೇನೂ ಗೊತ್ತಿಲ್ಲವ್ವಾ’ ಎಂದುಬಿಟ್ಟರೆ ನಾನು ನಂಬಿಬಿಡುತ್ತೇನೆ. ಆ ಹೆದರಿಕೆಗೆ ಬರಲಿಲ್ಲ.